ಮಾತ್ರೆ ಒಂದು, ವೈರಸ್ ಎರಡು: ಎಚ್‌ಐವಿ ಇರುವ ಮಗುವಿನ ಹೆಪಟೈಟಿಸ್ ಬಿ

ಮಳೆಗಾಲದಲ್ಲಿ ಕಾರವಾರದ ಮಕ್ಕಳ ವಾರ್ಡಿಗೆ ಪೋಸ್ಟಿಂಗ್ ಬಿದ್ದವರಿಗೆ ಕಾಮಾಲೆ ಹೊಸತಲ್ಲ. ಶಿರಸಿ ಕಡೆಯಿಂದ ಘಟ್ಟ ಇಳಿದು ಬಂದ ಆಯಿಯನ್ನು ಕೇಳಿದರೆ, ನೆಲನೆಲ್ಲಿ ಅರೆದು ಕೊಟ್ಟಾಯ್ತು, ಪಥ್ಯವೂ ಆಯ್ತು ಎನ್ನುತ್ತಾರೆ. ಮಕ್ಕಳಿಗೆ ಈ ಕಾಲದಲ್ಲಿ ಬರುವ ಕಾಮಾಲೆ ಹೆಚ್ಚಾಗಿ ನೀರಿನಿಂದ ಬಂದ ಹೆಪಟೈಟಿಸ್ ಎ. ತಾನಾಗಿಯೇ ವಾಸಿಯಾಗುತ್ತದೆ, ಹೆಸರು ನೆಲನೆಲ್ಲಿಗೆ ಬರುತ್ತದೆ. ಹೆಪಟೈಟಿಸ್ ಬಿ ಬೇರೆ ಜಾತಿಯದು. ಮಗುವಿನ ಕಣ್ಣು ಹಳದಿಯಾಗದೆಯೇ ಅದು ವರ್ಷಗಟ್ಟಲೆ ಯಕೃತ್ತಿನಲ್ಲಿ ಕುಳಿತಿರಬಹುದು.

ಸೋಂಕು ತಗಲಿದ ವಯಸ್ಸೇ ಇಲ್ಲಿ ಮುಖ್ಯ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಬಂದರೆ 100ರಲ್ಲಿ ಸುಮಾರು 90 ಮಕ್ಕಳಲ್ಲಿ ಕಾಯಂ ಉಳಿಯುತ್ತದೆ. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ. ಎಚ್‌ಐವಿ ಜೊತೆಗಿದ್ದರೆ ವೈರಸ್ಸನ್ನು ಹೊರಹಾಕುವ ಶಕ್ತಿ ಇನ್ನೂ ಕುಗ್ಗುತ್ತದೆ, ಯಕೃತ್ತು ಗಟ್ಟಿಯಾಗುವ ವೇಗ ಹೆಚ್ಚುತ್ತದೆ.

ಪರೀಕ್ಷೆಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ವೈರಸ್ಸಿನ ಹೊರಮೈಯ ಪ್ರೋಟೀನ್) ಪಾಸಿಟಿವ್ ಎಂದರೆ ಸೋಂಕು ಇದೆ, ಸರಿ. ನೆಗೆಟಿವ್ ಬಂದರೆ ಇಲ್ಲವೇ ಇಲ್ಲ ಎಂದು ಬರೆದುಬಿಡಬೇಡಿ: ಎಚ್‌ಐವಿ ಇರುವವರಲ್ಲಿ ಎಚ್‌ಬಿಎಸ್‌ಎಜಿ ಕಾಣದೆ ವೈರಸ್ಸಿನ ಡಿಎನ್‌ಎ ಮಾತ್ರ ಸಿಗುವ ಮರೆಯ ಸೋಂಕೂ ಉಂಟು. ಆಂಟಿ-ಎಚ್‌ಬಿಸಿ (ವೈರಸ್ಸಿನ ಒಳತಿರುಳಿನ ವಿರುದ್ಧದ ಆಂಟಿಬಾಡಿ) ಹಸುಗೂಸಿನಲ್ಲಿ ಪಾಸಿಟಿವ್ ಬಂದರೆ ಅದು ತಾಯಿಯದೇ ಆಂಟಿಬಾಡಿ ಇರಬಹುದು. ಎಚ್‌ಐವಿ ಆಂಟಿಬಾಡಿ ಪರೀಕ್ಷೆಗೆ 18 ತಿಂಗಳು ಕಾಯುವುದೂ ಇದೇ ಕಾರಣಕ್ಕೆ.

ಈಗ ನನಗೆ ಮೂರು ಸಲ ಓದಿದ ಮೇಲೆ ತಲೆಗೆ ಹತ್ತಿದ ಭಾಗ. ಎಚ್‌ಐವಿ ಔಷಧ ಲ್ಯಾಮಿವುಡಿನ್ ಎರಡೂ ವೈರಸ್ಸಿಗೆ ತಾಗುತ್ತದೆ, ಟೆನೊಫೊವಿರ್ ಕೂಡ. ಆದರೆ 10 ವರ್ಷ, 30 ಕೆಜಿ ದಾಟದ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು ಅಬಾಕಾವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್. ಎಣಿಸಿ ನೋಡಿ: ಎಚ್‌ಐವಿ ಮೇಲೆ ಮೂರು ಔಷಧ, ಹೆಪಟೈಟಿಸ್ ಬಿ ಮೇಲೆ ಲ್ಯಾಮಿವುಡಿನ್ ಒಂದೇ. ಒಂಟಿ ಲ್ಯಾಮಿವುಡಿನ್‌ಗೆ ಈ ವೈರಸ್ ಬೇಗ ಒಗ್ಗಿಕೊಳ್ಳುತ್ತದೆ. ಎರಡೂ ಸೋಂಕಿರುವ ವಯಸ್ಕರಲ್ಲಿ 4 ವರ್ಷದಲ್ಲಿ ಶೇ. 90ರಷ್ಟು ಮಂದಿಯಲ್ಲಿ ನಿರೋಧ ಬೆಳೆದದ್ದು ಕಂಡಿದೆ. ಆಗ ಎಚ್‌ಐವಿ ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ರಿಪೋರ್ಟ್ ಚೊಕ್ಕವಾಗಿಯೇ ಇರುತ್ತದೆ, ನಾವು ಖುಷಿಯಲ್ಲಿರುತ್ತೇವೆ, ಯಕೃತ್ತು ಮಾತ್ರ ಸವೆಯುತ್ತಿರುತ್ತದೆ. ಹಾಗಾಗಿ ಎಆರ್‌ಟಿ (ಎಚ್‌ಐವಿಯ ಔಷಧ ಚಿಕಿತ್ಸೆ) ಶುರುವಾಗುವ ಹೊತ್ತಿಗೇ ಎಚ್‌ಬಿಎಸ್‌ಎಜಿ ನೋಡಿಬಿಡಬೇಕು. ಪಾಸಿಟಿವ್ ಆದ ಮಗುವಿನ ಎಎಲ್‌ಟಿ (ಯಕೃತ್ತಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕಿಣ್ವ), ಹೆಪಟೈಟಿಸ್ ಬಿ ವೈರಸ್ಸಿನ ಡಿಎನ್‌ಎ ಮೇಲೆ ಕಣ್ಣಿಡಬೇಕು, ವಯಸ್ಸೂ ತೂಕವೂ ಒದಗಿದ ಕೂಡಲೇ ಟೆನೊಫೊವಿರ್ ಬಗ್ಗೆ ಕೇಳಬೇಕು.

ಲಸಿಕೆ ನಿಮಗೆ ಗೊತ್ತಿದ್ದದ್ದೇ: ಹುಟ್ಟಿದ 24 ಗಂಟೆಯೊಳಗೆ ಒಂದು, ಆಮೇಲೆ 6, 10, 14 ವಾರಕ್ಕೆ ಹೆಪಟೈಟಿಸ್ ಬಿ ಸೇರಿದ ಪೆಂಟಾವೇಲೆಂಟ್ (ಐದು ರೋಗಗಳ ಒಂದೇ ಲಸಿಕೆ). ತಾಯಿ ಕಾರ್ಡಿನಲ್ಲಿ ಮೊದಲ ಡೋಸಿನ ದಿನಾಂಕವನ್ನಷ್ಟೇ ಅಲ್ಲ, ಗಂಟೆಯನ್ನೂ ವಿಚಾರಿಸಿ. ಎಚ್‌ಐವಿ ಇರುವ ಮಗುವಿಗೆ ಎಲ್ಲ ಡೋಸ್ ಬಿದ್ದಿದ್ದರೂ ರಕ್ಷಣೆ ಬಂದಿದೆ ಎನ್ನಲಾಗದು. ಆಂಟಿ-ಎಚ್‌ಬಿಎಸ್ (ಲಸಿಕೆಯಿಂದ ಬರುವ ರಕ್ಷಕ ಆಂಟಿಬಾಡಿ) 10 mIU/mLಗಿಂತ ಕಡಿಮೆ ಇದ್ದರೆ ಮತ್ತೆ ಲಸಿಕೆ ಕೊಡಬೇಕಾಗುತ್ತದೆ.

ನೆಲನೆಲ್ಲಿಯನ್ನು ಕಂಡು ನಗಬೇಡಿ. ಹೆಪಟೈಟಿಸ್ ಬಿ ಪತ್ತೆಗಾಗಿ 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ ಅವರೇ ಮದ್ರಾಸಿನ ಸಂಶೋಧಕರ ಜೊತೆ ಸೇರಿ ಇದರ ಮೇಲೆ 1988ರಲ್ಲಿ ಪ್ರಬಂಧ ಪ್ರಕಟಿಸಿದರು. 37 ಜನರಲ್ಲಿ 22 ಮಂದಿಯ ಎಚ್‌ಬಿಎಸ್‌ಎಜಿ ಹೋಯಿತೆಂದು ಅದರಲ್ಲಿತ್ತು. ಮುಂದಿನ ಪ್ರಯೋಗಗಳಲ್ಲಿ ಆ ಫಲ ಗಟ್ಟಿಯಾಗಿ ನಿಲ್ಲಲಿಲ್ಲ. ನನ್ನ ಚಿಂತೆ ಸೊಪ್ಪಿನದಲ್ಲ, ಪಥ್ಯದ್ದು. "ಮಾತ್ರೆ ಉಷ್ಣ, ಮದ್ದು ಮುಗಿಯುವ ತನಕ ಬೇಡ" ಎಂದು ಮನೆಯಲ್ಲಿ ಯಾರೋ ಹೇಳಿ, ಲ್ಯಾಮಿವುಡಿನ್ ಏಕಾಏಕಿ ನಿಂತರೆ ತಗ್ಗಿದ್ದ ಹೆಪಟೈಟಿಸ್ ಬಿ ಭುಗಿಲೇಳಬಹುದು. ಅದಕ್ಕೇ ಕೇಸ್ ಬರೆಯುವಾಗ ಆಯಿಯನ್ನು ಪಕ್ಕಕ್ಕೆ ಕರೆದು, ಅಕ್ಕಪಕ್ಕದ ಹಾಸಿಗೆಯವರಿಗೆ ಕೇಳದ ಹಾಗೆ, ಒಂದು ಪ್ರಶ್ನೆ ಕೇಳಿ: "ಪಥ್ಯದ ದಿನಗಳಲ್ಲಿ ಮಾತ್ರೆ ಕೊಟ್ಟಿದ್ದಿರಾ ಅಮ್ಮಾ?"