ಪಾರ್ಶ್ವವಾಯು ಆದವರಿಗೆ ಗಂಜಿ ಉಣಿಸುವ ಮುಂಚೆ

ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದವರ ಮುಂದೆ ಮಂಗಳೂರು, ಉಡುಪಿ ಕಡೆ ಮೊದಲು ಇಡುವುದು ಕುಚ್ಚಲಕ್ಕಿ ಗಂಜಿ. ಹೊಟ್ಟೆಗೆ ಹಗುರ, ಸರಿ. ನುಂಗಲು ತ್ರಾಸವಿರುವ ಗಂಟಲಿಗೆ ಮಾತ್ರ ಇದಕ್ಕಿಂತ ಕಷ್ಟದ ತುತ್ತು ಕಡಿಮೆ.

ಒಂದೇ ಚಮಚದಲ್ಲಿ ಅಗುಳೂ ಇದೆ, ತೆಳಿಯೂ (ಗಂಜಿ ನೀರು) ಇದೆ. ಅಗುಳು ಅಗಿಯುತ್ತಿರುವಾಗಲೇ ತೆಳಿ ಹಿಂದಕ್ಕೆ ಹರಿದು ಗಂಟಲು ಸೇರಿರುತ್ತದೆ. ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಬೇಕು. ಸ್ಟ್ರೋಕ್ ನಂತರ ಅದು ಅರೆಗಳಿಗೆ ತಡ. ಅಷ್ಟರಲ್ಲಿ ತೆಳಿ ಶ್ವಾಸಕೋಶದ ದಾರಿ ಹಿಡಿಯುತ್ತದೆ. ಗಂಟಲಿನ ಸಂವೇದನೆ ಮಂದವಾಗಿದ್ದರೆ ಕೆಮ್ಮೂ ಬರುವುದಿಲ್ಲ. ಕೆಲವು ದಿನದ ಮೇಲೆ ಜ್ವರ, ಕಫ, ಏದುಸಿರು ಕಂಡರೆ ಪ್ಯಾರಾಸಿಟಮಾಲ್ ಕೊಟ್ಟು ಕಾಯಬೇಡಿ, ನ್ಯುಮೋನಿಯಾ ಇರಬಹುದು.

ಬಾಯಿಯಿಂದ ಮೆದು ಆಹಾರ ಕೊಡಬಹುದು ಎಂದು ವೈದ್ಯರು ಹೇಳಿದ್ದರೆ ಗಂಜಿಯನ್ನು ಹೀಗೆ ಮಾಡಿ. ಅಕ್ಕಿಯನ್ನು ಎರಡು ವಿಸಲ್ ಹೆಚ್ಚು ಬೇಯಿಸಿ, ತೆಳಿ ಬಸಿದಿಟ್ಟು, ಅಗುಳನ್ನು ಮಿಕ್ಸಿಗೆ ಹಾಕಿ. ಬೇಕಾದಷ್ಟೇ ತೆಳಿ ಬಿಟ್ಟು ನುಣ್ಣಗೆ ರುಬ್ಬಿ ಸೋಸಿ. ಕೆಂಪು ಸಿಪ್ಪೆ ಜರಡಿಯಲ್ಲಿ ಉಳಿಯುತ್ತದೆ. ಚಮಚ ಓರೆ ಮಾಡಿದರೆ ಒಂದೇ ಉಂಡೆಯಾಗಿ ಜಾರಬೇಕು. ಸುರಿದರೆ ತೆಳು, ಅಂಟಿಕೊಂಡರೆ ಗಟ್ಟಿ. ಐದು ನಿಮಿಷ ಬಿಟ್ಟು ನೋಡಿ, ನೀರೊಡೆದಿದ್ದರೆ ಮತ್ತೆ ಕಲಸಿ. ಉಂಡ ಚಮಚವನ್ನೇ ಬಟ್ಟಲಿಗೆ ಅದ್ದುತ್ತಿದ್ದರೆ ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಗಂಜಿಯ ಪಿಷ್ಟವನ್ನು ಒಡೆಯುತ್ತದೆ, ಊಟ ಮುಗಿಯುವಷ್ಟರಲ್ಲಿ ಬಟ್ಟಲಲ್ಲಿ ನೀರೇ ಉಳಿದಿರುತ್ತದೆ. ಸಣ್ಣ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಬಡಿಸಿಕೊಳ್ಳಿ. ಅಜ್ಜಿಯರ ಎಂಜಲು ಮುಸುರೆಯ ಶಿಸ್ತು ಇಲ್ಲಿ ಉಪಯೋಗಕ್ಕೆ ಬಂತು.

ಮಂಚದಲ್ಲಿ ದಿಂಬಿಗೊರಗಿಸಿ ಉಣಿಸಬೇಡಿ. ಕುರ್ಚಿಯಲ್ಲಿ ನೆಟ್ಟಗೆ, ಪಾದ ನೆಲಕ್ಕೆ ಊರಿ. ನೀವು ನಿಂತರೆ ಅವರು ತಲೆ ಎತ್ತುತ್ತಾರೆ, ಶ್ವಾಸನಾಳ ಇನ್ನಷ್ಟು ತೆರೆಯುತ್ತದೆ. ಆದ್ದರಿಂದ ಎದುರಿಗೆ ಕುಳಿತುಕೊಳ್ಳಿ. ಒಮ್ಮೆಗೆ 3ರಿಂದ 5 ಎಂ.ಎಲ್., ಅಂದರೆ ಟೀ ಚಮಚಕ್ಕಿಂತ ಮೀರದಂತೆ, ಬಲವಿರುವ ಬದಿಗೆ. ಕೊರಳಿನ ಗಂಟು ಮೇಲೆದ್ದು ಇಳಿದದ್ದು ಕಂಡ ಮೇಲೆಯೇ ಮುಂದಿನ ತುತ್ತು. ನಡುನಡುವೆ ‘ಆ’ ಅನ್ನಿಸಿ. ದನಿ ಗೊರಗೊರ ಅಂದರೆ ಗಂಟಲಲ್ಲಿ ಏನೋ ನಿಂತಿದೆ. ಕೆಮ್ಮಿಸಿ, ಇನ್ನೊಮ್ಮೆ ನುಂಗಿಸಿ. ಸರಿಹೋಗದಿದ್ದರೆ ಊಟ ಅಲ್ಲಿಗೆ ನಿಲ್ಲಲಿ. ಕೊನೆಗೆ ಸೋತ ಬದಿಯ ಕೆನ್ನೆಯೊಳಗೆ ಟಾರ್ಚ್ ಬಿಟ್ಟು ನೋಡಿ, ಬಾಯಿ ಸ್ವಚ್ಛ ಮಾಡಿ, 30 ನಿಮಿಷ ಕುಳ್ಳಿರಿಸಿ.

ಬೊಂಡ (ಎಳನೀರು) ಆಗಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಬೊಂಡದ ನೀರು ತೆಳಿಗಿಂತಲೂ ಬೇಗ ಓಡುತ್ತದೆ, ಮಂದ ಮಾಡದೆ ಬೇಡ. ಎಷ್ಟು ಮಂದ ಎಂದು ಪರೀಕ್ಷಿಸಿ ಹೇಳುವವರು ಸ್ಪೀಚ್ ಥೆರಪಿಸ್ಟ್. ‘ಮಾತು ಸರಿ ಉಂಟಲ್ಲ’ ಎಂದು ಅವರ ಹತ್ತಿರ ಹೋಗದವರು ಬಹಳ. ನುಂಗುವುದೂ ಅವರದೇ ವಿಷಯ, ಮಣಿಪಾಲದಲ್ಲೂ ಮಂಗಳೂರಿನ ಕಂಕನಾಡಿಯಲ್ಲೂ ಅವರ ಕೋರ್ಸಿನಲ್ಲೇ ಅದನ್ನು ಕಲಿಸುತ್ತಾರೆ. ನೀರು ಕಡಿಮೆ ಕುಡಿದು ಏಪ್ರಿಲ್ ಸೆಕೆಯಲ್ಲಿ ಮೂತ್ರ ಕಡು ಹಳದಿಯಾದರೆ ಅದನ್ನೂ ಅವರಿಗೆ, ವೈದ್ಯರಿಗೆ ತಿಳಿಸಿ.

ಗಂಟಲು ಸುಧಾರಿಸಿದ ಹಾಗೆ ಮೆತ್ತಗಿನ ಅನ್ನಕ್ಕೆ ಗಟ್ಟಿ ತೊವ್ವೆ, ಮುಳ್ಳು ತೆಗೆದ ಮೀನು ಒಂದೊಂದಾಗಿ ಬರುತ್ತವೆ. ಅಗುಳು ತೇಲುವ ಗಂಜಿಯ ಸರದಿ ಸಾಮಾನ್ಯವಾಗಿ ಅವೆಲ್ಲ ಆದ ಮೇಲೆ.