ದೋಣಿಯಲ್ಲಿ ಗಾಳದ ಕೋಲು: ಇಡುವ ಜಾಗ, ಕಟ್ಟುವ ಬಗೆ, ತೊಳೆಯುವ ಕ್ರಮ

ರಿಪೇರಿಗೆ ಬರುವ ಗಾಳದ ಕೋಲುಗಳ ಜೊತೆ ಬರುವ ಮಾತು ಸಾಮಾನ್ಯವಾಗಿ ಒಂದೇ: ‘ದೊಡ್ಡ ಅಂಜಲ್ ಕಚ್ಚಿತ್ತು, ಎಳೆದ ಕೂಡಲೇ ಟಪ್ ಅಂತ ಮುರಿಯಿತು.’ ಆದರೆ ಮುರಿದ ತುಂಡನ್ನು ಬಿಸಿಲಿಗೆ ಹಿಡಿದು ನೋಡಿದರೆ ಬಹಳ ಸಲ ಬೇರೆಯೇ ಸಂಗತಿ ಕಾಣುತ್ತದೆ. ಸೀಳಿನ ಒಂದು ಬದಿಯಲ್ಲಿ ಅಕ್ಕಿಕಾಳಿನಷ್ಟು ಜಾಗದಲ್ಲಿ ಬಣ್ಣ ಎದ್ದಿರುತ್ತದೆ, ಅದರ ಕೆಳಗೆ ಎಳೆಗಳು ಜಜ್ಜಿದಂತಿರುತ್ತವೆ. ಅದು ಮೀನು ಮಾಡಿದ ಗಾಯವಲ್ಲ. ಎಷ್ಟೋ ದಿನಗಳ ಹಿಂದೆ ದೋಣಿಯ ಅಂಚಿಗೋ, ನೇತಾಡುತ್ತಿದ್ದ ಜಿಗ್ಗಿಗೋ (ಮೀನಿನಂತೆ ಕಾಣುವ ಭಾರದ ಲೋಹದ ತುಂಡು) ತಗುಲಿ ಆದ ಪೆಟ್ಟು.

ಕಾರ್ಬನ್ ಕೋಲು ಒಳಗೆ ಟೊಳ್ಳು. ಬುಡದಲ್ಲಿ ಗಟ್ಟಿಯಾಗಿ ಕಂಡರೂ ಮೇಲಿನ ಅರ್ಧದಲ್ಲಿ ಅದರ ಗೋಡೆ ತೀರಾ ತೆಳು. ಕೋಲು ಬಾಗಿದಾಗ ಈ ದುಂಡನೆಯ ಕೊಳವೆ ಚಪ್ಪಟೆಯಾಗಲು ನೋಡುತ್ತದೆ. ಹೊರಮೈಯ ಎಳೆಗಳು ಅದನ್ನು ದುಂಡಗೆ ಹಿಡಿದಿಡುತ್ತವೆ. ಆ ಎಳೆಗಳು ಒಂದು ಕಡೆ ತುಂಡಾಗಿದ್ದರೆ ಹಗುರ ಮೀನಿಗೆ ಏನೂ ಆಗುವುದಿಲ್ಲ. ಪೂರ್ತಿ ಬಾಗುವ ದಿನ ಕೋಲು ಅಲ್ಲೇ ಮಡಿಚಿಕೊಳ್ಳುತ್ತದೆ. ಗ್ಲಾಸ್‌ಫೈಬರ್ ಕೋಲು ಇಂಥ ಪೆಟ್ಟನ್ನು ಹೆಚ್ಚು ತಡೆಯುತ್ತದೆ. ಹಾಗಾಗಿ ಮಕ್ಕಳನ್ನೋ ಹೊಸಬರನ್ನೋ ಕರೆದೊಯ್ಯುವ ದೋಣಿಗೆ ಕಾರ್ಬನ್ನಿಗಿಂತ ಅದೇ ವಾಸಿ.

ಪೆಟ್ಟನ್ನು ಮೊದಲೇ ಪತ್ತೆ ಮಾಡುವುದು ಕಷ್ಟವಲ್ಲ. ಕೋಲನ್ನು ಒರೆಸಿ ಒಣಗಿಸಿ, ಹೆಬ್ಬೆರಳಿನ ಉಗುರನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಎಳೆಯಿರಿ. ಸ್ವಲ್ಪ ತಿರುಗಿಸಿ ಮತ್ತೆ ಎಳೆಯಿರಿ. ನಾಲ್ಕು ಸುತ್ತಾದರೆ ಇಡೀ ಮೈ ನೋಡಿದಂತಾಯಿತು. ಬರೀ ವಾರ್ನಿಷ್ ಗೀರಾದರೆ ಉಗುರು ಜಾರುತ್ತದೆ. ಒಳಗಿನ ಎಳೆಗೆ ಗಾಯವಾಗಿದ್ದರೆ ಉಗುರು ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಅಲ್ಲಿ ಚಂದ್ರನ ತುಂಡಿನಂಥ ಬಿಳಿಚು ಗುರುತು ಇರುತ್ತದೆ. ಅಂಥ ಕೋಲಿಗೆ ನುರಿತವರ ಕೈಯಲ್ಲಿ ತೋಳು (ಗಾಯದ ಸುತ್ತ ಬಲಕ್ಕೆ ಹಾಕುವ ಹೊದಿಕೆ) ಸುತ್ತಿಸಬೇಕು, ಇಲ್ಲವೇ ಹಗುರ ಕೆಲಸಕ್ಕೆ ಇಟ್ಟುಕೊಳ್ಳಬೇಕು. ಮೇಲೆ ನೇಲ್ ಪಾಲಿಶ್ ಹಚ್ಚಿದರೆ ಗುರುತು ಮುಚ್ಚುತ್ತದೆ, ಬಲ ಮರಳುವುದಿಲ್ಲ.

ಪೆಟ್ಟಿನ ಮೂಲಗಳಲ್ಲಿ ಮೊದಲನೆಯದು ನೇತಾಡುವ ಲ್ಯೂರ್, ಅಂದರೆ ಮೀನನ್ನು ಸೆಳೆಯುವ ನಕಲಿ ಎರೆ. 60 ಗ್ರಾಂ ಜಿಗ್ ಕೋಲಿನ ತುದಿಯಿಂದ ಒಂದಡಿ ಕೆಳಗೆ ತೂಗುತ್ತಿದ್ದು ದೋಣಿ ಅಲೆ ಮೇಲೆ ಕುಪ್ಪಳಿಸುತ್ತಿದ್ದರೆ, ಅದು ಪುಟ್ಟ ಸುತ್ತಿಗೆಯಂತೆ ಕೋಲಿನ ತೆಳು ಭಾಗಕ್ಕೇ ಬಡಿಯುತ್ತಿರುತ್ತದೆ. ಸೀಸದ ಗುಂಡೂ ಅಷ್ಟೇ. ಜಾಗ ಬದಲಿಸುವಾಗಲೆಲ್ಲ ಜಿಗ್ಗನ್ನು ಬುಡದ ಕಡೆಗೆ ತಂದು, ಹಿಡಿಯ ಹತ್ತಿರದ ಕೊಕ್ಕೆಗೆ ಸಿಕ್ಕಿಸಿ, ಮೇಲೊಂದು ವೆಲ್ಕ್ರೋ ಪಟ್ಟಿ ಸುತ್ತಿ. ಕೊಕ್ಕೆ ಇಲ್ಲದ ಕೋಲಾದರೆ ರಬ್ಬರ್ ಬ್ಯಾಂಡ್ ಸಾಕು. ಗಾಳವನ್ನು ಗೈಡ್ ಉಂಗುರದ (ಕೋಲಿನುದ್ದಕ್ಕೂ ದಾರ ಹಾಯುವ ಉಂಗುರ) ಒಳಗೆ ಸಿಕ್ಕಿಸಲೇಬೇಡಿ. ಉಂಗುರದ ಒಳಗಿನ ಸೆರಾಮಿಕ್ ಬಳೆ ಗಡಸು, ಆದರೆ ಬೇಗ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಬಳೆ ಹೆಣೆದ ದಾರವನ್ನು ಕತ್ತರಿಯಂತೆ ಸವೆಸುತ್ತದೆ. ಲೀಡರ್ (ದಾರದ ತುದಿಗೆ ಕಟ್ಟುವ ಬೇರೆ ದಾರದ ತುಂಡು) ಸೇರಿಸಿದ ಗಂಟನ್ನೂ ತುದಿಯ ಉಂಗುರದೊಳಗೆ ಬಿಗಿಯಾಗಿ ಎಳೆದು ನಿಲ್ಲಿಸಬಾರದು.

ಗೈಡ್ ಪರೀಕ್ಷೆಗೆ ಕಿವಿಗೆ ಬಳಸುವ ಹತ್ತಿಕಡ್ಡಿ ಸಾಕು. ಪ್ರತಿ ಬಳೆಯೊಳಗೂ ಒಂದು ಪೂರ್ತಿ ಸುತ್ತು ತಿರುಗಿಸಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ನಿಲ್ಲುತ್ತದೋ ಅಲ್ಲಿ ಬಿರುಕಿದೆ. ದಾರ ಪದೇ ಪದೇ ಒಂದೇ ಉದ್ದದಲ್ಲಿ ತುಂಡಾಗುತ್ತಿದ್ದರೆ ಹೊಸ ದಾರ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿ.

ಇನ್ನು ಇಡುವ ಜಾಗ. ಮಲ್ಪೆ, ಗಂಗೊಳ್ಳಿ, ಕಾರವಾರದ ಕಡೆ ಗಾಳಕ್ಕೆ ಹೋಗುವ 18ರಿಂದ 24 ಅಡಿಯ ಫೈಬರ್ ದೋಣಿಗಳಲ್ಲಿ ಕೋಲಿಗೆಂದೇ ಜಾಗ ಇರುವುದು ಅಪರೂಪ. ಅಂಚಿಗೆ ಒರಗಿಸಿಡುವುದೇ ರೂಢಿ. ಔಟ್‌ಬೋರ್ಡ್ ಎಂಜಿನ್ನಿನ ನಡುಕಕ್ಕೆ ಒರಗಿಸಿಟ್ಟ ಕೋಲು ಒಂದೇ ಬಿಂದುವಿನಲ್ಲಿ ಉಜ್ಜುತ್ತಲೇ ಇರುತ್ತದೆ. ಒಂದು ಋತುವಿನಲ್ಲಿ ಅಲ್ಲಿ ವಾರ್ನಿಷ್ ಹೋಗಿ ಕರಿ ಎಳೆ ಕಾಣತೊಡಗುತ್ತದೆ. ಆದ್ದರಿಂದ ದೋಣಿಗೆ ಎರಡು ಬಗೆಯ ಜಾಗ ಬೇಕು: ಮೀನು ಹಿಡಿಯುವಾಗ ನಿಲ್ಲಿಸಲು ಹೋಲ್ಡರ್, ಓಡುವಾಗ ಮಲಗಿಸಲು ಅಡ್ಡ ಸ್ಟ್ಯಾಂಡ್.

ಹೋಲ್ಡರನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 50 ಮಿ.ಮೀ. ಪಿವಿಸಿ ಪೈಪು ತೆಗೆದುಕೊಳ್ಳಿ. ಆ ಅಳತೆ ಹೊರವ್ಯಾಸದ್ದು. ಒಳಗೆ ಸುಮಾರು 45 ಮಿ.ಮೀ. ಸಿಗುತ್ತದೆ, ಹೆಚ್ಚಿನ ಕೋಲುಗಳ ಬುಡ ಆರಾಮಾಗಿ ಇಳಿಯುತ್ತದೆ. ವಿದ್ಯುತ್ ವಯರಿಂಗಿನ ತೆಳು ಪೈಪು ಬೇಡ, ನೀರಿನ ಒತ್ತಡ ತಡೆಯುವ ದಪ್ಪನೆಯದೇ ಇರಲಿ. ಮೊದಲು ಕೋಲಿನ ಬುಡದಿಂದ ರೀಲಿನ ಕಾಲಿನವರೆಗೆ (ದಾರ ಸುತ್ತುವ ರೀಲನ್ನು ಕೋಲಿಗೆ ಸೇರಿಸುವ ಭಾಗ) ಅಳೆಯಿರಿ. ಅದು 30 ಸೆಂ.ಮೀ. ಇದೆ ಎಂದಿಟ್ಟುಕೊಳ್ಳಿ. ಪೈಪಿನ ಕೆಳತುದಿಯಿಂದ 4 ಸೆಂ.ಮೀ. ಮೇಲೆ ಅಡ್ಡಲಾಗಿ 6 ಮಿ.ಮೀ. ಸ್ಟೀಲ್ ಬೋಲ್ಟ್ ಹಾಯಿಸಿ; ಕೋಲಿನ ಬುಡ ಕೂರುವುದು ಇದರ ಮೇಲೆ. ಮೇಲ್ತುದಿಯಿಂದ ಕೆಳಕ್ಕೆ, ರೀಲಿನ ಕಾಲು ಇಳಿಯಲು 2 ಸೆಂ.ಮೀ. ಅಗಲ, 7 ಸೆಂ.ಮೀ. ಆಳದ ಸೀಳು ಕತ್ತರಿಸಿ. ಸೀಳಿನ ತಳ ಬೋಲ್ಟಿನಿಂದ 29 ಸೆಂ.ಮೀ. ಎತ್ತರದಲ್ಲಿರಬೇಕು. ಅಲ್ಲಿಗೆ ಪೈಪಿನ ಒಟ್ಟು ಉದ್ದ 40 ಸೆಂ.ಮೀ. ರೀಲಿನ ಕಾಲಿಗೂ ಸೀಳಿನ ತಳಕ್ಕೂ ನಡುವಿನ ಆ ಒಂದು ಸೆಂಟಿಮೀಟರ್ ಅಂತರವೇ ಇಡೀ ಕೆಲಸದ ಗುಟ್ಟು. ಅಂತರ ಇಲ್ಲದಿದ್ದರೆ ಪ್ರತಿ ಅಲೆಗೂ ಕೋಲಿನ ಭಾರ ರೀಲಿನ ಕಾಲಿನ ಮೇಲೆ ಬಿದ್ದು ರೀಲನ್ನು ಕೋಲಿಗೆ ಬಿಗಿಯುವ ರೀಲ್ ಸೀಟ್ ಸಡಿಲವಾಗುತ್ತದೆ. ಸೀಳು ಇರುವುದು ಭಾರ ಹೊರಲು ಅಲ್ಲ, ಕೋಲು ತಿರುಗದಂತೆ ತಡೆಯಲು.

ಕತ್ತರಿಸಿದ ಅಂಚುಗಳನ್ನೆಲ್ಲ ಅರದಿಂದ ದುಂಡಗೆ ಮಾಡಿ, ಬಳಿಕ 220 ನಂಬರಿನ ಉಪ್ಪುಕಾಗದದಿಂದ ಉಜ್ಜಿ. ಬಾಯಿಗೆ ಹಳೆಯ ಸೈಕಲ್ ಟ್ಯೂಬಿನ ಒಂದು ಅಂಗುಲದ ತುಂಡನ್ನು ಮಗುಚಿ ಹಾಕಿದರೆ ಕೋಲು ಅಲುಗಾಡಿದರೂ ಪ್ಲಾಸ್ಟಿಕ್ಕಿಗೆ ಬಡಿಯುವುದಿಲ್ಲ. ತೊಳೆಯುವಾಗ ಅದನ್ನು ಕಳಚಬೇಕು, ಇಲ್ಲದಿದ್ದರೆ ಅದರಡಿ ಉಪ್ಪು ಕೂರುತ್ತದೆ. ಪೈಪಿನ ತಳ ತೆರೆದೇ ಇರಲಿ, ನೀರು ಹರಿದುಹೋಗಬೇಕು. ಬಿಳಿ ಪಿವಿಸಿ ಬಿಸಿಲಿಗೆ ವರ್ಷಗಳಲ್ಲಿ ಪೆಡಸಾಗುವುದರಿಂದ ಹೊರಗೆ ಬಣ್ಣ ಬಳಿದರೆ ಒಳ್ಳೆಯದು.

ದೋಣಿಗೆ ಜೋಡಿಸುವಾಗ ಸ್ಕ್ರೂ ನಂಬಬೇಡಿ. ಆಚೆಯಿಂದ ಈಚೆಗೆ ಹಾಯುವ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್, ಹಿಂದೆ ಅಂಗೈಯಗಲದ ಫೈಬರ್ ಹಲಗೆ, ಅಗಲ ವಾಷರ್, ನೈಲಾನ್ ಲಾಕಿನ ನಟ್ ಹಾಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಮಾಮೂಲಾಗಿ ಸಿಗುವ 304 ದರ್ಜೆ ಸಿಹಿನೀರಿಗೆ ಸಾಕು. ಉಪ್ಪುನೀರಿನಲ್ಲಿ ಕೆಂಪು ಚುಕ್ಕೆ ಬಿಡುತ್ತದೆ. ಫೈಬರ್ ಅಂಚಿನೊಳಗೆ ಪ್ಲೈವುಡ್ ಇದ್ದರೆ ಮೊದಲು 8 ಮಿ.ಮೀ. ತೂತು ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ 6 ಮಿ.ಮೀ. ತೂತು ಕೊರೆಯಿರಿ. ಇದನ್ನು ಬಿಟ್ಟರೆ ನೀರು ಒಳಗಿಳಿದು ಮರ ಕೊಳೆಯುತ್ತದೆ. ಒಂದು ದಿನ ದೊಡ್ಡ ಮೀನು ಎಳೆದಾಗ ಹೋಲ್ಡರ್, ಬೋಲ್ಟ್, ಅಂಚಿನ ಚೂರು ಎಲ್ಲ ಒಟ್ಟಿಗೆ ಕಿತ್ತುಬರುತ್ತವೆ.

ಓಡುವ ದೋಣಿಯ ಹಿಂದೆ ಗಾಳ ಎಳೆಯುವ ಟ್ರೋಲಿಂಗಿನಲ್ಲಿ ಕೋಲು ಹೋಲ್ಡರಿನಲ್ಲೇ ಇರುತ್ತದೆ. ಹಾಗಾಗಿ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆತಡೆದು ಬಿಡುವ ರೀಲಿನ ಬ್ರೇಕ್) ಬಿಗಿತ ಊಹೆಯಿಂದ ಆಗಬಾರದು. ಸ್ಪ್ರಿಂಗ್ ತಕ್ಕಡಿಯನ್ನು ದಾರದ ತುದಿಗೆ ಸಿಕ್ಕಿಸಿ ಎಳೆದು ನೋಡಿ: ದಾರದ ತಾಕತ್ತಿನ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ರೀಲ್ ದಾರ ಬಿಡಬೇಕು. 15 ಕಿಲೋ ದಾರಕ್ಕೆ ಅದು ನಾಲ್ಕರಿಂದ ಐದು ಕಿಲೋ. ಜೊತೆಗೆ ಕೋಲಿಗೊಂದು ಕಾವಲು ಹಗ್ಗ ಬೇಕೇ ಬೇಕು. ಅದರ ಇನ್ನೊಂದು ತುದಿಯನ್ನು ಹೋಲ್ಡರಿಗೆ ಕಟ್ಟದೆ ದೋಣಿಯ ಗಟ್ಟಿ ಗೂಟಕ್ಕೆ ಕಟ್ಟಿ.

ಓಡುವಾಗ ಕೋಲು ನಿಲ್ಲಿಸಿಕೊಂಡು ಹೋಗುವುದು ನೋಡಲು ಚೆಂದ, ಕೋಲಿಗೆ ಕೆಡುಕು. ಅಳಿವೆ ಬಾಗಿಲಲ್ಲಿ ತೆರೆ ಒಡೆಯುವ ಕಡೆ ದೋಣಿ ಎತ್ತಿ ಬಿದ್ದಾಗ ಏಳಡಿ ಕೋಲಿನ ತುದಿ ಚಾಟಿಯಂತೆ ಬೀಸುತ್ತದೆ. ಬಂದರಿನೊಳಗೆ ಪರ್ಸೀನ್ ಬೋಟುಗಳು ಸಾಲಾಗಿ ಕಟ್ಟಿರುವಲ್ಲಿ ಹಗ್ಗ, ಬಲೆ, ದಕ್ಕೆಯ ಕಂಬ ಯಾವುದು ಬೇಕಾದರೂ ತುದಿಯನ್ನು ಹಿಡಿದುಕೊಳ್ಳಬಹುದು. ಹೊಳೆಯ ಮೇಲಿನ ವಿದ್ಯುತ್ ತಂತಿಯ ಕೆಳಗಂತೂ ಕಾರ್ಬನ್ ಕೋಲು ನಿಂತಿರಲೇಬಾರದು. ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ, ತಂತಿಗೆ ತಾಗಿದರೆ ಜೀವಕ್ಕೇ ಕುತ್ತು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಎಲ್ಲ ಕೋಲುಗಳನ್ನೂ ಮಲಗಿಸಿ ದಡಕ್ಕೆ ತಿರುಗಬೇಕು.

ಮಲಗಿಸುವ ಸ್ಟ್ಯಾಂಡಿಗೆ ಅತ್ಯುತ್ತಮ ಜಾಗ ಅಂಚಿನ ಕೆಳಗಿನ ಒಳಗೋಡೆ. ಕಾಲು ತಾಗುವುದಿಲ್ಲ, ನೇರ ಬಿಸಿಲೂ ಬೀಳುವುದಿಲ್ಲ. ಏಳಡಿ ಕೋಲಿಗೆ ಮೂರು ಆಧಾರ ಸಾಕು: ಹಿಡಿಯ ಹಿಂಭಾಗಕ್ಕೊಂದು, ರೀಲಿನ ಮುಂದಿನ ಹಿಡಿಗೊಂದು, ತುದಿಗೆ 25 ಮಿ.ಮೀ. ಪೈಪಿನ ಅರ್ಧ ಅಡಿಯ ತುಂಡೊಂದು. ತುದಿ ಆ ಪೈಪಿನೊಳಗೆ ನಾಲ್ಕೈದು ಅಂಗುಲ ಸೇರಿರಬೇಕು, ಆದರೆ ಅದರ ತಳಕ್ಕೆ ಮುಟ್ಟಬಾರದು. ಬುಡದ ಆಧಾರಗಳಿಗೆ ಯು ಆಕಾರದ ಹಲಗೆ ಕತ್ತರಿಸಿ ಒಳಗೆ ಚಪ್ಪಲಿ ಅಟ್ಟೆಗೆ ಬಳಸುವಂಥ ಇವಿಎ ಫೋಮ್ ಅಂಟಿಸಿ. ಸ್ಪಂಜು ಬೇಡ, ಉಪ್ಪುನೀರು ಹೀರಿ ದಿನವಿಡೀ ಒದ್ದೆಯಾಗಿರುತ್ತದೆ. ಎಲಾಸ್ಟಿಕ್ ಹಗ್ಗವನ್ನು ಹಿಡಿಯ ಮೇಲೆ ಕಟ್ಟಿ, ಕೋಲಿನ ಬರಿಮೈಯ ಮೇಲೆ ಅಲ್ಲ. ಒಂದರ ಮೇಲೊಂದು ಸಾಲು ಮಾಡುವುದಾದರೆ ನಡುವೆ 12 ಸೆಂ.ಮೀ. ಬಿಡಿ, ಒಂದರ ಬುಡ ಹಿಂದಕ್ಕೆ, ಇನ್ನೊಂದರದು ಮುಂದಕ್ಕೆ ಬರುವಂತಿಟ್ಟರೆ ರೀಲಿಗೆ ರೀಲು ತಾಗುವುದಿಲ್ಲ.

ಹಿನ್ನೀರಿನ ಹರಿಗೋಲಿನಲ್ಲಿ ಇದ್ಯಾವುದೂ ಸಾಗದು. ಅಲ್ಲಿ ಕೋಲು ಎರಡಕ್ಕಿಂತ ಹೆಚ್ಚು ಬೇಡ, ಜೋಡಿಸಿದ ಕೋಲನ್ನು ತಳದಲ್ಲಿ ಮಲಗಿಸಲೂ ಬೇಡ. ಡಾಂಬರು ಬಳಿದ ಹರಿಗೋಲಾದರೆ ಬಿಸಿಲಿಗೆ ಮೆತ್ತಗಾದ ಡಾಂಬರು ಕಾರ್ಕ್ ಹಿಡಿಗೆ ಅಂಟಿದರೆ ಮತ್ತೆ ಬಿಡುವುದಿಲ್ಲ.

ಮೀನು ದೋಣಿಯ ಪಕ್ಕಕ್ಕೆ ಬಂದಾಗ ಆಗುವ ತಪ್ಪೊಂದಿದೆ. ಕೋಲನ್ನು ನೆಟ್ಟಗೆ ಮೇಲೆತ್ತಿ ತಲೆಯ ಹಿಂದಕ್ಕೆ ಬಾಗಿಸಿದರೆ ಭಾರವೆಲ್ಲ ತುದಿಯ ಒಂದಡಿಗೆ ಬೀಳುತ್ತದೆ. ಹಿಡಿಯನ್ನು ತಗ್ಗಿಸಿ ಒಂದು ಹೆಜ್ಜೆ ಹಿಂದೆ ಸರಿಯಿರಿ, ಬಲೆಬುಟ್ಟಿ ಹಿಡಿದವರು ಮುಂದೆ ಬರಲಿ. ಗಾಳ ಬಂಡೆಗೆ ಸಿಕ್ಕಿದರೆ ಕೋಲಿನಿಂದ ಎಳೆಯಬೇಡಿ. ದಾರವನ್ನು ಮರದ ತುಂಡಿಗೆ ಸುತ್ತಿ ಅದನ್ನು ಹಿಡಿದು ನೇರಕ್ಕೆ ಎಳೆಯಿರಿ.

ಉಪ್ಪಿನ ಕೆಲಸ ನಿಧಾನ, ಆದರೆ ನಿಲ್ಲದ್ದು. ಒಣಗಿದ ಉಪ್ಪು ಗಾಳಿಯ ತೇವ ಹೀರಿ ಮತ್ತೆ ಒದ್ದೆಯಾಗುತ್ತದೆ, ಹಾಗಾಗಿ ಮನೆಯ ಮೂಲೆಯಲ್ಲಿ ನಿಂತ ಕೋಲೂ ಸವೆಯುತ್ತಿರುತ್ತದೆ. ಮೊದಲು ಕೆಡುವುದು ಗೈಡಿನ ಪಾದ, ನೂಲು ಸುತ್ತಿ ಎಪಾಕ್ಸಿ ಬಳಿದ ಜಾಗ. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಕಂದು ಗೆರೆ ಕಂಡರೆ ಒಳಗೆ ತುಕ್ಕು ಶುರುವಾಗಿದೆ ಎಂದೇ ಅರ್ಥ. ಇನ್ನೊಂದು ಜಾಗ ರೀಲ್ ಸೀಟ್. ಅಲ್ಯೂಮಿನಿಯಂ ಮತ್ತು ಕಾರ್ಬನ್ ಒಂದಕ್ಕೊಂದು ತಾಗಿ ನಡುವೆ ಉಪ್ಪುನೀರು ಸೇರಿದರೆ ಪುಟ್ಟ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಪ್ರತಿ ಸಲ ದಡಕ್ಕೆ ಬಂದ ಮೇಲೆ ರೀಲನ್ನು ಕಳಚಲೇಬೇಕು ಎನ್ನುವುದು ಇದಕ್ಕೇ. ತಿಂಗಳುಗಟ್ಟಲೆ ಕಳಚದ ರೀಲಿನ ಉಂಗುರ ಕೊನೆಗೆ ಇಕ್ಕಳಕ್ಕೂ ಜಗ್ಗುವುದಿಲ್ಲ.

ತೊಳೆಯುವುದು ಅದೇ ದಿನ ಆಗಬೇಕು. ರೀಲಿನ ಡ್ರ್ಯಾಗನ್ನು ಬಿಗಿಮಾಡಿ, ಸಿಹಿನೀರನ್ನು ಗಿಡಕ್ಕೆ ಚಿಮುಕಿಸುವಷ್ಟು ಮೆಲ್ಲಗೆ ಬಿಡಿ. ಜೋರಾದ ಪೈಪ್ ನೀರು ಉಪ್ಪನ್ನು ಬೇರಿಂಗಿನೊಳಕ್ಕೆ ತಳ್ಳುತ್ತದೆ. ರೀಲನ್ನು ಬಕೆಟ್ಟಿನಲ್ಲಿ ಮುಳುಗಿಸಬಾರದು. ಕೋಲಿಗೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ, ಗೈಡಿನ ಪಾದಕ್ಕೆ ಹಳೆಯ ಹಲ್ಲುಜ್ಜುವ ಬ್ರಶ್. ತುಂಡುಗಳನ್ನು ಬಿಡಿಸಿ ಜೋಡಣೆಯ ಒಳಗೂ ಹೊರಗೂ ತೊಳೆದು, ನೆರಳಿನಲ್ಲಿ ಬುಡ ಕೆಳಗಾಗಿ ನಿಲ್ಲಿಸಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿ. ಬಿಗಿಯಾಗಿಯೇ ಬಿಟ್ಟರೆ ಒಳಗಿನ ವಾಷರುಗಳು ಅಮುಕಿ ಮುಂದಿನ ಸಲ ದಾರ ಜಗ್ಗಿ ಜಗ್ಗಿ ಬಿಡುತ್ತದೆ. ಕೋಲಿಗೆ ತೊಡಿಸುವುದಾದರೆ ಗಾಳಿಯಾಡುವ ನೈಲಾನ್ ಜಾಳಿಗೆ ಕವಚವೇ ಸರಿ. ಒದ್ದೆ ಕೋಲನ್ನು ದಪ್ಪ ಕವಚಕ್ಕೆ ತುರುಕುವುದು ತೊಳೆಯದೆ ಬಿಟ್ಟಷ್ಟೇ ಕೆಟ್ಟದ್ದು. ಡೀಟ್ ಇರುವ ಸೊಳ್ಳೆ ಔಷಧಿ ಹಚ್ಚಿದ ಕೈಯಿಂದ ಕೋಲು ಮುಟ್ಟಬೇಡಿ, ಅದು ಪ್ಲಾಸ್ಟಿಕ್ಕನ್ನೂ ವಾರ್ನಿಷನ್ನೂ ಕರಗಿಸುತ್ತದೆ.

ಎರಡು ತುಂಡಿನ ಕೋಲು ಜೋಡಣೆಯಲ್ಲಿ ಸಿಕ್ಕಿಕೊಂಡರೆ ಗೈಡ್ ಹಿಡಿದು ತಿರುಚುವವರೇ ಹೆಚ್ಚು. ಗೈಡ್ ಕಿತ್ತುಬರುವುದು ಹೀಗೆ. ಕೋಲನ್ನು ಮೊಣಕಾಲುಗಳ ಹಿಂದೆ ಅಡ್ಡವಾಗಿ ಹಿಡಿದು, ಜೋಡಣೆಯ ಎರಡೂ ಬದಿ ಕೈಯಿಟ್ಟು, ಮೊಣಕಾಲುಗಳನ್ನು ಅಗಲಿಸಿ ಕೈಗಳನ್ನು ಹೊರಕ್ಕೆ ದೂಡಿ. ಆಗಲೂ ಬಿಚ್ಚದಿದ್ದರೆ ಜೋಡಣೆಗೆ ಐಸ್ ಸುತ್ತಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಯತ್ನಿಸಿ. ಒಳಸೇರುವ ತುದಿಗೆ ಮೇಣದಬತ್ತಿಯನ್ನು ತೆಳುವಾಗಿ ಉಜ್ಜಿದರೆ ಮುಂದೆ ಈ ತೊಂದರೆ ಕಡಿಮೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕೋಲುಗಳಿಗೆ ಅದೇ ದೊಡ್ಡ ರಿಪೇರಿಯ ಕಾಲ. ಲ್ಯೂರ್ ತೆಗೆದು, ದಾರ ಸಡಿಲಿಸಿ, ರೀಲ್ ಬೇರೆಯಿಟ್ಟು, ರೀಲ್ ಸೀಟಿನ ತಿರುಪಿನ ಮರೆಗೆ ಗ್ರೀಸಿನ ತೆಳು ಲೇಪ ಕೊಡಿ. ಕೋಲನ್ನು ಗೋಡೆಗೆ ಒರಗಿಸದೆ ಮೂರು ಆಧಾರಗಳ ಮೇಲೆ ಮಲಗಿಸಿ, ಇಲ್ಲವೇ ನೆಟ್ಟಗೆ ನಿಲ್ಲಿಸಿ. ತುದಿಯ ಉಂಗುರದಿಂದ ತೂಗುಹಾಕಬೇಡಿ. ಮಳೆಗಾಲದ ತೇವಕ್ಕೆ ಕಾರ್ಕ್ ಹಿಡಿಗೆ ಬೂಸ್ಟು ಬರುತ್ತದೆ, ಹದಿನೈದು ದಿನಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿ. ಗೈಡ್ ಬದಲಿಸುವುದಿದ್ದರೆ ಜೂನಿನಲ್ಲೇ ಕೊಡಿ. ಎಪಾಕ್ಸಿ ಮಳೆಗಾಲದ ತೇವದಲ್ಲಿ ಸರಿಯಾಗಿ ಗಟ್ಟಿಯಾಗಲು ಸಮಯ ಬೇಕು. ಜುಲೈ ಕೊನೆಯ ವಾರ ತಂದುಕೊಟ್ಟು ಆಗಸ್ಟ್ ಮೊದಲ ದಿನವೇ ಕಡಲಿಗೆ ಒಯ್ದ ಕೋಲಿನ ಗೈಡ್ ಮೊದಲ ಎಳೆತಕ್ಕೇ ಅಲುಗಾಡುತ್ತದೆ.