ವಾಂಗಾನುಯಿ ನದಿ: 14ಕ್ಕೂ ಮೊದಲು 13ನೇ ಸೆಕ್ಷನ್ ಓದಿ

ಮೂಲನಿವಾಸಿಗಳ ಭಾಷೆ ಮತ್ತು ನೀರು ಎಂಬ ವಿಷಯದ ಮೇಲೆ ಇಂಟರ್ನ್‌ಶಿಪ್ ಮಾಡುವವರ ಕೈಗೆ ಮೊದಲು ಸಿಗುವ ಉದಾಹರಣೆ ಸಾಮಾನ್ಯವಾಗಿ ನ್ಯೂಜಿಲೆಂಡಿನ ವಾಂಗಾನುಯಿ ನದಿಯದು. ‘ನದಿಗೆ ಮನುಷ್ಯನ ಹಕ್ಕು’ ಎಂಬ ತಲೆಬರಹ ನೀವೂ ನೋಡಿರುತ್ತೀರಿ. ಅದು 2017ರ ತೆ ಆವಾ ತುಪುವಾ ಕಾಯ್ದೆಯ 14ನೇ ಸೆಕ್ಷನ್ನಿನ ಮಾತು: ಈ ನದಿ ಒಂದು ಕಾನೂನಾತ್ಮಕ ವ್ಯಕ್ತಿ. ಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು. ಭಾಷೆಯ ಕಡೆಯಿಂದ ಬರುವ ನಮಗೆ ನಿಜವಾದ ಸರಕು ಇರುವುದು 13ರಲ್ಲಿ. ಅದೇಕೆ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನದಿ ಉತ್ತರ ದ್ವೀಪದ ತೊಂಗರಿರೊ ಪರ್ವತದ ಮಗ್ಗುಲಲ್ಲಿ ಹುಟ್ಟಿ ಸುಮಾರು 290 ಕಿ.ಮೀ. ಹರಿದು ಟಾಸ್ಮನ್ ಸಮುದ್ರ ಸೇರುತ್ತದೆ. ದಂಡೆಯ ಮಾವೊರಿ (ನ್ಯೂಜಿಲೆಂಡಿನ ಮೂಲನಿವಾಸಿ) ಕುಲಗಳಿಗೆ ಅದು ದಾರಿ, ಊಟ, ಮದ್ದು, ನೆಂಟಸ್ತಿಕೆ ಎಲ್ಲವೂ. ನೀರಿಗೆ ಮರದ ಕಂಬಗಳ ಸಾಲು ನೆಟ್ಟು, ಕೊನೆಗೆ ಬಲೆ ಕಟ್ಟಿ ಹಾವುಮೀನು ಹಿಡಿಯುತ್ತಿದ್ದರು. ಈ ಕಟ್ಟೆಗಳಿಗೆ ‘ಪಾ ತುನಾ’ ಎಂದು ಹೆಸರು. 1890ರ ದಶಕದಲ್ಲಿ ಪ್ರವಾಸಿಗರ ಸ್ಟೀಮರ್‌ಗಳು ಬಂದಾಗ ಅವುಗಳ ಓಡಾಟಕ್ಕೆ ಅಡ್ಡಿ ಎಂದು ಇಂಥ ಕಟ್ಟೆಗಳನ್ನು ಕಿತ್ತುಹಾಕಲಾಯಿತು.

ಇನ್ನೊಂದು ಹೊಡೆತ ಬಿದ್ದದ್ದು ನ್ಯಾಯಾಲಯದಲ್ಲಿ, ಸದ್ದಿಲ್ಲದೆ. ಇಂಗ್ಲಿಷ್ ಕಾನೂನಿನ ಕಣ್ಣಲ್ಲಿ ‘ನದಿ’ ಎಂಬ ಒಂದು ವಸ್ತುವೇ ಇಲ್ಲ. ದಂಡೆ, ತಳದ ನೆಲ, ಹರಿಯುವ ನೀರು ಬೇರೆ ಬೇರೆ ವಸ್ತುಗಳು, ಹರಿಯುವ ನೀರಂತೂ ಯಾರದೂ ಅಲ್ಲ. ದಂಡೆಯ ಜಮೀನು ಯಾರದೋ, ನದಿಯ ನಡುಗೆರೆಯವರೆಗಿನ ತಳವೂ ಅವರದೇ ಎಂಬುದು ಅಲ್ಲಿನ ಹಳೆಯ ನಿಯಮ. ಹಡಗು ಓಡಬಲ್ಲ ನದಿಗಳ ತಳವೆಲ್ಲ ಸರ್ಕಾರದ್ದು ಎಂದು 1903ರಲ್ಲಿ ಒಂದು ಕಲ್ಲಿದ್ದಲು ಗಣಿ ಕಾಯ್ದೆಯ ತಿದ್ದುಪಡಿ ಹೇಳಿತು. (ನದಿಯ ಒಡೆತನವನ್ನು ಗಣಿ ಕಾಯ್ದೆಯೊಳಗೆ ಹುಡುಕಬೇಕು ಎಂದು ಯಾವ ವಿದ್ಯಾರ್ಥಿಗೂ ಹೊಳೆಯಲಾರದು. ಗುರುತು ಹಾಕಿಕೊಳ್ಳಿ.) ವಾಂಗಾನುಯಿ ಕುಲಗಳು 1938ರಲ್ಲಿ ನದಿತಳಕ್ಕಾಗಿ ಹೂಡಿದ ಮೊಕದ್ದಮೆ 1962ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ದಂಡೆಯ ಜಮೀನಿಗೆ ಹಕ್ಕುಪತ್ರ ಕೊಟ್ಟಾಗಲೇ ನಡುಗೆರೆಯ ನಿಯಮದಂತೆ ತಳವೂ ಹೋಯಿತು, ಕುಲದ ಸಾಮೂಹಿಕ ಹಕ್ಕು ಅಲ್ಲಿಗೆ ಮುಗಿಯಿತು ಎಂಬುದು ತೀರ್ಪಿನ ತಿರುಳು. ಗಮನಿಸಿ, ವಾದಿಗಳು ಕೇಳಬೇಕಾಗಿ ಬಂದದ್ದೇ ‘ತಳ’ವನ್ನು. ಅವರು ಮನೆಯಲ್ಲಿ ಮಾತಾಡುತ್ತಿದ್ದುದು ‘ಆವಾ’ದ ಬಗ್ಗೆ, ಅಂದರೆ ಇಡೀ ಹೊಳೆಯ ಬಗ್ಗೆ. ಮುಂದೆ 1970ರ ದಶಕದಲ್ಲಿ ತೊಂಗರಿರೊ ಜಲವಿದ್ಯುತ್ ಯೋಜನೆ ಮೇಲ್ಭಾಗದ ಹಳ್ಳಗಳ ನೀರನ್ನು ಬೇರೆಡೆಗೆ ತಿರುಗಿಸಿತು.

ಕಾನೂನಿನ ಭಾಷೆ ಬದಲಾದದ್ದು ಮಾವೊರಿಗಳ ದೂರುಗಳನ್ನು ಪರಿಶೀಲಿಸುವ ವೈಟಾಂಗಿ ನ್ಯಾಯಮಂಡಳಿಯ 1999ರ ವರದಿ ಮತ್ತು ಕುಲಗಳಿಗೂ ಸರ್ಕಾರಕ್ಕೂ ಆದ 2014ರ ಒಪ್ಪಂದದ ನಂತರ. 13ನೇ ಸೆಕ್ಷನ್ನಿಗೆ ‘ತುಪುವಾ ತೆ ಕಾವಾ’ ಎಂದು ಹೆಸರು. ಅದರಲ್ಲಿ ನಾಲ್ಕು ಮೌಲ್ಯಗಳಿವೆ. ಪ್ರತಿಯೊಂದೂ ಮೊದಲು ಮಾವೊರಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಮೂರನೆಯದು ಎಲ್ಲರೂ ಉಲ್ಲೇಖಿಸುವ ಸಾಲು: ‘ಕೊ ಔ ತೆ ಆವಾ, ಕೊ ತೆ ಆವಾ ಕೊ ಔ’. ನಾನೇ ಹೊಳೆ, ಹೊಳೆಯೇ ನಾನು. ನನಗೆ ಅದಕ್ಕಿಂತ ನಾಲ್ಕನೆಯದು ಹೆಚ್ಚು ಉಪಯುಕ್ತ ಎನಿಸುತ್ತದೆ: ಸಣ್ಣ ಹಳ್ಳ, ದೊಡ್ಡ ಹಳ್ಳ ಒಂದರೊಳಗೊಂದು ಕೂಡಿ ಒಂದೇ ನದಿಯಾಗುತ್ತವೆ. ಇದು ನಡುಗೆರೆಯ ನಿಯಮಕ್ಕೆ ನೇರ ಉತ್ತರ. ನದಿಗೆ ಸಂಬಂಧಿಸಿದ ನಿರ್ಧಾರ ಮಾಡುವ ಅಧಿಕಾರಿಗಳು ಈ ಮೌಲ್ಯಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ನದಿಯ ಪರವಾಗಿ ಮಾತಾಡುವ ‘ತೆ ಪೌ ತುಪುವಾ’ದಲ್ಲಿ ಇಬ್ಬರು: ಒಬ್ಬರನ್ನು ಕುಲಗಳು, ಇನ್ನೊಬ್ಬರನ್ನು ಸರ್ಕಾರ ಸೂಚಿಸುತ್ತದೆ. ಹಾಗೆಂದು ಎಲ್ಲವೂ ಮರಳಿ ಬಂತೆಂದು ಬರೆಯಬೇಡಿ. ಸರ್ಕಾರದ ವಶದಲ್ಲಿದ್ದ ತಳ ನದಿಯ ಹೆಸರಿಗೆ ಬಂತು. ನೀರಿನ ಮೇಲೆ ಯಾರಿಗೂ ಹೊಸ ಒಡೆತನ ಸಿಗಲಿಲ್ಲ, ಖಾಸಗಿ ಹಕ್ಕುಗಳು ಇದ್ದ ಹಾಗೇ ಇವೆ.

ಇನ್ನು ವ್ಯಾಕರಣ. ಕನ್ನಡದಲ್ಲಿ ನನ್ನ ಅನ್ನ, ನನ್ನ ನೀರು, ನನ್ನ ಅಜ್ಜಿ, ಎಲ್ಲಕ್ಕೂ ಒಂದೇ ‘ನನ್ನ’. ಮಾವೊರಿಯಲ್ಲಿ ಎರಡು. ನನ್ನ ಹಿಡಿತದಲ್ಲಿರುವುದಕ್ಕೆ, ನಾನು ಮಾಡಿದ್ದಕ್ಕೆ ‘ತಾಕು’. ನನಗಿಂತ ಮೇಲಿನದಕ್ಕೆ, ನನ್ನನ್ನು ಹೊತ್ತು ಕಾಯುವುದಕ್ಕೆ ‘ತೋಕು’. ಮಕ್ಕಳು ತಾಕು, ಪೂರ್ವಜರು ತೋಕು. ಊಟ ‘ತಾಕು ಕಾಯ್’, ಆದರೆ ಕುಡಿಯುವ ನೀರು ‘ತೋಕು ವಾಯ್’. ಇದನ್ನು ಕಂಡ ಕೂಡಲೇ ‘ಮಾವೊರಿಗಳಿಗೆ ನೀರು ಪೂರ್ವಜ, ವ್ಯಾಕರಣವೇ ಸಾಕ್ಷಿ’ ಎಂದು ವರದಿಯಲ್ಲಿ ಬರೆಯುವ ಆಸೆಯಾಗುತ್ತದೆ. ತಡೆಯಿರಿ. ಬಟ್ಟೆ, ಔಷಧಿ, ವಾಹನ ಕೂಡ ‘ತೋಕು’ ಗುಂಪಿನವೇ. ವ್ಯಾಕರಣ ಒಂದು ಸುಳಿವು ಕೊಡುತ್ತದೆ. ಅದನ್ನು ಜನರ ಮಾತು, ಹಾಡು, ಸಾಕ್ಷ್ಯಗಳ ಜೊತೆ ಇಟ್ಟು ನೋಡಬೇಕು.

ಇಂಥದ್ದೇ ಇನ್ನೊಂದು: ‘ವಾಯ್’ ಎಂದರೆ ನೀರು, ‘ವಾಯ್’ ಎಂದರೆ ಯಾರು. ಹಾಗಾಗಿ ‘ಕೊ ವಾಯ್ ಕೊಯೆ’, ಅಂದರೆ ‘ನೀನು ಯಾರು’ ಎಂಬ ಪ್ರಶ್ನೆ ನಿಜಕ್ಕೂ ‘ನೀನು ಯಾವ ನೀರಿನವನು’ ಎಂದೇ ಕೇಳುತ್ತದೆ ಎಂಬ ವಿವರಣೆ ಬಹಳ ಜನಪ್ರಿಯ. ಮಾವೊರಿಗೆ ನೆಂಟ ಭಾಷೆಯಾದ ಸಾಮೋವಾ ಭಾಷೆಗೆ ಹೋಗಿ ನೋಡಿ. ಅಲ್ಲಿ ನೀರು ‘ವಾಯ್’, ಯಾರು ‘ಆಯ್’. ಇನ್ನೊಂದು ನೆಂಟ ಭಾಷೆ ಟೊಂಗಾದಲ್ಲಿ ‘ವಾಯ್’ ಮತ್ತು ‘ಹಾಯ್’. ಎಂದರೆ ಎರಡೂ ಬೇರೆ ಬೇರೆ ಮೂಲದವು, ಮಾವೊರಿಯಲ್ಲಿ ಬಂದು ಒಂದೇ ದನಿಯಾಗಿವೆ. ಮಾವೊರಿ ಮಾತುಗಾರರು ಈ ಶ್ಲೇಷೆಯನ್ನು ಇಷ್ಟಪಟ್ಟು ಬಳಸಿದರೆ ಅದು ಅವರ ಹಕ್ಕು, ಅದಕ್ಕೆ ಅರ್ಥವೂ ಇದೆ. ಪರಿಚಯ ಹೇಳಿಕೊಳ್ಳುವ ‘ಪೆಪೆಹಾ’ದಲ್ಲಿ ಬೆಟ್ಟ ಮತ್ತು ಹೊಳೆಯ ಹೆಸರು ವ್ಯಕ್ತಿಯ ಹೆಸರಿಗಿಂತ ಮೊದಲು ಬರುವುದುಂಟು. ನಾವು ಮಾತ್ರ ಆ ಶ್ಲೇಷೆಯನ್ನು ನಿರುಕ್ತವೆಂದು (ಪದದ ಮೂಲವೆಂದು) ಟಿಪ್ಪಣಿಯಲ್ಲಿ ಬರೆಯಬಾರದು.

ಹೆಸರಿನ ಬಗ್ಗೆಯೂ ಒಂದು ಮಾತು. ಬಹುತೇಕ ಮಾವೊರಿಗಳು ‘ಫ’ಕ್ಕೆ ಹತ್ತಿರವಾಗಿ ಉಚ್ಚರಿಸುವ ಧ್ವನಿಯನ್ನು ಈ ನದಿಯ ಜನ ‘ವ’ದಂತೆ, ಗಂಟಲಲ್ಲಿ ಚೂರು ತಡೆದು ಉಚ್ಚರಿಸುತ್ತಾರೆ. ವಸಾಹತಿನವರು ಕಿವಿಗೆ ಕೇಳಿದಂತೆ, Whanganui ಎಂಬುದರ h ಅಕ್ಷರ ಬಿಟ್ಟು Wanganui ಎಂದು ಬರೆದರು. ವರ್ಷಗಟ್ಟಲೆ ಜಗಳವಾಗಿ, ಜಿಲ್ಲೆಯ ಹೆಸರಿಗೆ 2015ರಲ್ಲಿ ಆ ಅಕ್ಷರ ಅಧಿಕೃತವಾಗಿ ಮರಳಿತು. ಈ ಟಿಪ್ಪಣಿಯಲ್ಲಿ ‘ವಾಂಗಾನುಯಿ’ ಎಂದು ಬರೆದದ್ದು ಆ ಕಣಿವೆಯವರ ಉಚ್ಚಾರಣೆ ಹಿಡಿದು.

ನಮ್ಮ ದೇಶದ ಕೊಂಡಿ: ವಾಂಗಾನುಯಿ ಕಾಯ್ದೆಗೆ ಅಂಕಿತ ಬಿದ್ದದ್ದು 2017ರ ಮಾರ್ಚ್ 20ರಂದು. ಅದೇ ದಿನ ಉತ್ತರಾಖಂಡ ಹೈಕೋರ್ಟ್ ಗಂಗಾ ಯಮುನೆಯರನ್ನು ಕಾನೂನಾತ್ಮಕ ವ್ಯಕ್ತಿಗಳೆಂದು ಘೋಷಿಸಿತು. ದೇವರ ಮೂರ್ತಿಯನ್ನು ಮೊದಲೇ ವ್ಯಕ್ತಿಯೆಂದು ಒಪ್ಪಿದ್ದ ನಮ್ಮ ನ್ಯಾಯಾಲಯಗಳಿಗೆ ಇದು ತೀರಾ ಹೊಸದೇನಲ್ಲ. ಆದರೆ ಉತ್ತರಾಖಂಡದಲ್ಲಿ ನದಿಗೆ ಪೋಷಕರಾದವರು ಸರ್ಕಾರಿ ಅಧಿಕಾರಿಗಳು. ಬೇರೆ ರಾಜ್ಯಗಳಲ್ಲೂ ಹರಿಯುವ ನದಿಗೆ ನಾವು ಹೇಗೆ ಹೊಣೆ, ಪ್ರವಾಹದ ನಷ್ಟಕ್ಕೆ ಯಾರು ಉತ್ತರ ಕೊಡಬೇಕು ಎಂದು ರಾಜ್ಯವೇ ಮೇಲ್ಮನವಿ ಹೋಯಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಎರಡನ್ನೂ ಹೋಲಿಸಿ ಪ್ರಬಂಧ ಬರೆಯುವವರು ‘ವ್ಯಕ್ತಿ’ ಎಂಬ ಪದ ಎರಡೂ ಕಡೆ ಇದೆ ಎನ್ನುವುದಕ್ಕೆ ನಿಲ್ಲಬೇಡಿ. ನದಿಯ ಪರ ಯಾರು ಮಾತಾಡುತ್ತಾರೆ, ಯಾವ ಭಾಷೆಯಲ್ಲಿ, ಆ ಭಾಷೆಯ ಮಾತು ಕಾಯ್ದೆಯ ಪುಟದಲ್ಲಿ ಇದೆಯೇ ಎಂದು ಎರಡೂ ಕಡೆ ಹುಡುಕಿ.